ಪಿಯು ಮಕ್ಕಳು ಬಾಯಿ ಬಿಡದಿದ್ದರೆ ಅಭಿಪ್ರಾಯ ಕೇಳುವುದು ಹೇಗೆ?

ಮೇಡಂ, ನಿಮ್ಮ ಕುಮಟಾ ಕಾಲೇಜಿನಲ್ಲಿ ಲೈಂಗಿಕ ದೌರ್ಜನ್ಯ ತಡೆ ತರಗತಿಗೆ ಮುಂಚೆ ಮಕ್ಕಳ ಅಭಿಪ್ರಾಯ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಾರೆ ಎಂದಿರಿ. ಕೈ ಎತ್ತಿಸಿ ಕೇಳಿದರೆ ಆಗುವುದೇ ಅದು. ಒಂದೇ ಅಳತೆಯ ಚೀಟಿ, ಒಂದೇ ಬಣ್ಣದ ಪೆನ್ನು ಕೊಡಿ, ಹೆಸರು ಬೇಡ. ಹೇಳಲು ಏನೂ ಇಲ್ಲದವರೂ ಒಂದು ಸಾಲು ಗೀಚಿ ಹಾಕಲಿ, ಇಲ್ಲದಿದ್ದರೆ ಬರೆಯುತ್ತಿರುವವರು ಯಾರೆಂದು ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಕೈಬರಹ ಗುರುತಿಸಬಲ್ಲ ಕ್ಲಾಸ್ ಟೀಚರ್ ಚೀಟಿ ತೆರೆಯಬಾರದು.

'ನಿನಗೆ ಏನಾಯಿತು' ಅಂತ ಕೇಳಲೇಬೇಡಿ. 'ಅಂಕೋಲಾ ಬಸ್ಸಿನ ನೂಕುನುಗ್ಗಲಲ್ಲಿ ಯಾರೋ ಹುಡುಗಿಯೊಬ್ಬಳಿಗೆ ಬೇಕಂತಲೇ ಮೈ ತಾಗಿಸಿದರೆ, ನೋಡಿದ ಹುಡುಗ ಏನು ಮಾಡಬಹುದು?' ಇಂಥ ಪ್ರಶ್ನೆ ಸಾಕು. ಹುಡುಗರು, ಹುಡುಗಿಯರು ಮೊದಲು ಬೇರೆ ಬೇರೆ ಕೂತು ಮಾತಾಡಲಿ, ಆಮೇಲೆ ಒಟ್ಟಿಗೆ. ಹುಡುಗರನ್ನು ಆರೋಪಿಗಳಂತೆ ಕೂರಿಸಿದಿರೋ, ನಕ್ಕು ಹಾರಿಸುತ್ತಾರೆ.

ಇನ್ನೊಂದು, ಇದು ಮುಖ್ಯ: 'ಯಾರಿಗೂ ಹೇಳಲ್ಲ' ಅಂತ ಮಾತು ಕೊಡಬೇಡಿ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ಚೀಟಿ ಹಂಚುವ ಮೊದಲೇ ಇದನ್ನು ಮಕ್ಕಳಿಗೆ ಹೇಳಿ. ಬೋರ್ಡಿನ ಮೇಲೆ ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಬರೆದಿಡಿ.