ಶಿಕ್ಷಕರ ಸಂಬಳಕ್ಕೆ ಕತ್ತರಿ ಬಿದ್ದರೆ ಜನರಿಗೆ ಯಾಕೆ ಅಯ್ಯೋ ಅನಿಸುವುದಿಲ್ಲ?

ಕೋವಿಡ್ ಕಾಲದಲ್ಲಿ ಶಿಕ್ಷಕರ, ಸರ್ಕಾರಿ ನೌಕರರ ತುಟ್ಟಿಭತ್ಯೆ ನಿಲ್ಲಿಸಿದಾಗ ಹೊರಗಿನವರು ಒಬ್ಬರೂ ಮರುಗಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ನೀವೂ ಶಿಕ್ಷಕಿ ಅಂತ ಬರೆದಿದ್ದೀರಿ. ನಾನು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. 2020ರಲ್ಲಿ ನನ್ನ ಸಂಬಳಕ್ಕೂ ಕತ್ತರಿ ಬಿದ್ದಿತ್ತು. ಆದರೂ ನನಗೆ ಮರುಕ ಇತ್ತು, ಈಗಲೂ ಇದೆ.

ಆಗಿದ್ದೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 3 ಕಂತು ಡಿಎ, ಅಂದರೆ ಬೆಲೆ ಏರಿಕೆಗೆ ತಕ್ಕಂತೆ ಕೊಡುವ ತುಟ್ಟಿಭತ್ಯೆ, ತಡೆಹಿಡಿಯಿತು. ನಮ್ಮ ರಾಜ್ಯವೂ ಅದೇ ದಾರಿ ಹಿಡಿಯಿತು. ಮೂಲ ವೇತನದ ಶೇ 11.25ರಲ್ಲೇ ನಿಂತಿದ್ದ ಡಿಎ 2021ರ ಜುಲೈನಲ್ಲಿ ಶೇ 21.50ಕ್ಕೆ ಏರಿತು. ನಡುವಿನ 18 ತಿಂಗಳ ಬಾಕಿ ಹೋಗೇ ಹೋಯಿತು. ಕೈಗೆ ಬರುವ ಮೊತ್ತ ಇಳಿಯಲಿಲ್ಲ, ನಿಜ. ಆದರೆ ದಿನಸಿ ಬೆಲೆ ಏರುವಾಗ ಡಿಎ ನಿಂತರೆ ಅದು ಕಡಿತವೇ ಅಲ್ವಾ? ಪಕ್ಕದ ತೆಲಂಗಾಣದಲ್ಲಂತೂ ಆಗ ಹೆಚ್ಚಿನ ನೌಕರರಿಗೆ ಅರ್ಧ ಸಂಬಳವನ್ನೇ ಹಿಡಿದಿಟ್ಟರು.

ಜನ ಯಾಕೆ ಮರುಗಲಿಲ್ಲ? ಖಾತೆ ಬದಲಾವಣೆಗೋ ಸರ್ವೆಗೋ ಅಲೆದು ಕೈ ಬಿಸಿ ಮಾಡಿ ಬಂದವನಿಗೆ ಸರ್ಕಾರಿ ನೌಕರ ಅಂದರೆ ಆ ಮೇಜಿನ ಹಿಂದಿನ ಮುಖವೇ ಕಣ್ಣಿಗೆ ಬರುತ್ತದೆ. ಮೇಷ್ಟ್ರ ಹತ್ತಿರ ಮಾರಿಕೊಳ್ಳಲು ಸಹಿಯೂ ಇಲ್ಲ, ಸೀಲೂ ಇಲ್ಲ. ಆದರೂ ಕೋಪ ಅವರ ಪಾಲಿಗೂ ಬರುತ್ತದೆ. ಇನ್ನೊಂದು ಕಡೆ ಅನುದಾನರಹಿತ ಶಾಲೆಗಳ ಶಿಕ್ಷಕರಿದ್ದರು. ಸಂಬಳವೇ ನಿಂತು ಎಷ್ಟೋ ಜನ ತರಕಾರಿ ಮಾರಿದರು, ನರೇಗಾ ಕೂಲಿಗೆ ಹೋದರು. ಅವರಿಗೆ 2021ರಲ್ಲಿ ಸರ್ಕಾರ ಘೋಷಿಸಿದ ನೆರವು 5,000 ರೂಪಾಯಿ, ಅದೂ ಒಂದೇ ಸಲ. ಅಂಥವರ ಮುಂದೆ ಡಿಎ ಮಾತೆತ್ತಿದರೆ ಅವರಿಗೆ ಹೇಗೆ ಕೇಳಿಸಬೇಕು ಹೇಳಿ.

ಆದರೆ "ಮನೇಲಿ ಕೂತು ಸಂಬಳ ತಗೊಂಡ್ರು" ಅನ್ನುವ ಮಾತು ಮಾತ್ರ ನನಗೆ ಸಹಿಸಲು ಆಗುವುದಿಲ್ಲ. ನಮ್ಮ ಅತ್ತಿಗೆ ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿದ್ದಾರೆ. ಬಿಸಿಯೂಟ ನಿಂತಾಗ ಅದರ ಅಕ್ಕಿ, ಬೇಳೆಯನ್ನು ಪೋಷಕರ ಕೈಗೆ ಕೊಡಬೇಕಿತ್ತು. ದಿನಕ್ಕೆ ತಲೆಗೆ 100 ಗ್ರಾಂ ಅಕ್ಕಿಯ ಲೆಕ್ಕ. ದೊಡ್ಡ ಮಕ್ಕಳಿಗೆ 150. ಶಾಲೆ ಜಗಲಿಯಲ್ಲಿ ತಕ್ಕಡಿ ಇಟ್ಟುಕೊಂಡು, ಮಾಸ್ಕ್ ಹಾಕಿಕೊಂಡು ಅಳೆದು ಕೊಟ್ಟರು. ರಿಜಿಸ್ಟರ್‌ನಲ್ಲಿ ಒಬ್ಬೊಬ್ಬರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಚೀಲದಲ್ಲಿ ಕಡಿಮೆ ಬಿದ್ದ ಅಕ್ಕಿಗೆ ಇವರೇ ಉತ್ತರ ಹೇಳಬೇಕು. ಆಮೇಲೆ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಹೇಳುವ ವಿದ್ಯಾಗಮ ಯೋಜನೆ ಬಂತು. ಗುಡಿ ಕಟ್ಟೆ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ. ಸೋಂಕಿನ ಭಯಕ್ಕೆ 2020ರ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಇದನ್ನೆಲ್ಲ ಕಂಡವರು ಆ ಊರಿನವರು ಮಾತ್ರ. ಅಲ್ಲಿ ಯಾರೂ ಅತ್ತಿಗೆಯ ಸಂಬಳದ ಬಗ್ಗೆ ಕೊಂಕು ಆಡಿದ್ದನ್ನು ನಾನು ಕೇಳಿಲ್ಲ.

ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ. ತಮ್ಮ ಜೊತೆ ನಿಂತವರ ಜೊತೆ ಜನ ನಿಲ್ಲುತ್ತಾರೆ. 2020ರ ಅದೇ ಏಪ್ರಿಲ್‌ನಲ್ಲಿ ಕೇರಳ ಸರ್ಕಾರ ತನ್ನ ನೌಕರರಿಗೆ 5 ತಿಂಗಳ ಕಾಲ ತಿಂಗಳಿಗೆ 6 ದಿನದ ಸಂಬಳ ಮುಂದೂಡಿತು. ಕೆಲವು ಶಿಕ್ಷಕರು ಆದೇಶದ ಪ್ರತಿ ಸುಟ್ಟರು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಅಂದರೆ ಅವರ ವಾದದಲ್ಲಿ ಹುರುಳಿತ್ತು. ಆದರೆ ಮಕ್ಕಳು ಕೂಡಿಟ್ಟ ಕಾಸನ್ನು ಪರಿಹಾರ ನಿಧಿಗೆ ಕೊಡುತ್ತಿದ್ದ ಹೊತ್ತದು. ಜನ ನೆನಪಿಟ್ಟುಕೊಂಡಿದ್ದು ಆ ಬೆಂಕಿಯನ್ನೇ.

2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಉಲ್ಟಾ ಆಯಿತು. ಅಲ್ಲಿ ಶಿಕ್ಷಕರ ಸಂಬಳಕ್ಕೆ ಶೇ 2ರಷ್ಟು ಏರಿಕೆ ಕೊಟ್ಟು, ಅವರ ಮೇಲಿನ ಆರೋಗ್ಯ ವಿಮೆಯ ಖರ್ಚು ಹೆಚ್ಚಿಸಲು ಹೊರಟಿದ್ದರು. ಶಿಕ್ಷಕರು ಮುಷ್ಕರ ಹೂಡಿ, ಅಲ್ಲಿನ 55 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಶಾಲೆ ಬಂದ್ ಆಯಿತು. ಆದರೆ ಶಾಲೆಯ ಊಟ ನಂಬಿಕೊಂಡ ಮಕ್ಕಳಿಗೆ ಶಿಕ್ಷಕರೇ ಊಟ ಕಟ್ಟಿ ಕಳಿಸಿದರು. ಅಡುಗೆಯವರು, ಬಸ್ ಡ್ರೈವರ್‌ಗಳೂ ಜೊತೆಗಿದ್ದರು. ಕೊನೆಗೆ ಶೇ 5ರ ಏರಿಕೆ ಶಿಕ್ಷಕರಿಗೆ ಮಾತ್ರ ಅಲ್ಲ, ರಾಜ್ಯದ ನೌಕರರಿಗೆಲ್ಲ ಸಿಕ್ಕಿತು.

ನಮ್ಮಲ್ಲಿ ಅಕ್ಕಿ ಅಳೆದು ಕೊಟ್ಟಿದ್ದೂ ಕಡಿಮೆ ಕೆಲಸ ಅಲ್ಲ. ಆದರೆ ಹೋರಾಟದ ವೇದಿಕೆಯಲ್ಲಿ ಆ ಮಾತು ಬರುವುದೇ ಇಲ್ಲ. 2023ರ ಮಾರ್ಚ್ 1ರಂದು ನಮ್ಮ ರಾಜ್ಯದ ನೌಕರರು ಸಂಬಳ ಏರಿಕೆ ಕೇಳಿ ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಶೇ 17ರ ಮಧ್ಯಂತರ ಪರಿಹಾರ, ಅಂದರೆ ಹೊಸ ವೇತನ ನಿಗದಿ ಆಗುವವರೆಗಿನ ಏರಿಕೆ, ಘೋಷಿಸಿತು. ನನಗೆ ಖುಷಿಯೇ ಆಯಿತು. ಆದರೆ ಅದೇ ಸ್ಟಾಫ್ ರೂಮಿನಲ್ಲಿ ಕೂರುವ ಅತಿಥಿ ಶಿಕ್ಷಕರ ಪರವಾಗಿ, ಅದೇ ಶಾಲೆಯ ಬಿಸಿಯೂಟದ ಅಕ್ಕಂದಿರ ಪರವಾಗಿ ಅಷ್ಟೇ ಗಟ್ಟಿ ದನಿ ಎದ್ದಿದ್ದನ್ನು ನಾನು ನೋಡಿಲ್ಲ. ನನ್ನಂಥ ಹೊರಗಿನವನು ಗಮನಿಸುವುದು ಇದನ್ನೇ.

ನಿಮ್ಮ ಸಂಘದ ಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ ಮೇಡಂ. ಮುಂದಿನ ಬೇಡಿಕೆ ಪಟ್ಟಿಯಲ್ಲಿ ಅತಿಥಿ ಶಿಕ್ಷಕರ ಗೌರವಧನವನ್ನು ಡಿಎಗಿಂತ ಮೇಲೆ ಬರೆಯಿರಿ. ಆ ಮನವಿ ಹಿಡಿದು ನೀವು ಹೊರಟರೆ, ರಜೆ ಹಾಕಿ ನಾನೂ ಬರುತ್ತೇನೆ.