ಆಗಸ್ಟ್ 15ಕ್ಕೆ ಕೆರೆ ದಡದ ಸಣ್ಣ ಊರು ನೋಡಬೇಕು ಅಂದರೆ ಮಂಡ್ಯ ಕಡೆ ಎಲ್ಲಿಗೆ ಬರಬೇಕು?

ಅಮೆರಿಕದಲ್ಲಿ ಜುಲೈ 4ಕ್ಕೆ ಸರೋವರದ ದಡದ ಸಣ್ಣ ಊರುಗಳಲ್ಲಿ ಬೆಳಿಗ್ಗೆ ಪರೇಡ್, ಆಮೇಲೆ ಸಿಂಗರಿಸಿದ ದೋಣಿಗಳ ಮೆರವಣಿಗೆ, ರಾತ್ರಿ ನೀರಿನ ಮೇಲೆ ಬಾಣಬಿರುಸು. ಇದನ್ನೆಲ್ಲ ನೋಡಿಕೊಂಡು ನಿಮ್ಮ ಮಕ್ಕಳು ಬೆಳೆದಿದ್ದಾರೆ. ಈ ಸಲ ಆಗಸ್ಟ್‌ನಲ್ಲಿ ಮೈಸೂರಿಗೆ ಬರುತ್ತಿದ್ದೀರಿ. ನಮ್ಮ ಸ್ವಾತಂತ್ರ್ಯ ದಿನವನ್ನೂ ಅವರಿಗೆ ನೀರಿನ ಪಕ್ಕ ತೋರಿಸೋಕೆ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದೀರಿ.

ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸಂಜೆಗೆ ಬೇಕಾದರೆ ಕೆ.ಆರ್.ಎಸ್. ಅಣೆಕಟ್ಟೆ ಇಟ್ಟುಕೊಳ್ಳಿ. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಯಾವುದಾದರೂ ಒಂದು ಹಳ್ಳಿಯ ಕೆರೆ ಏರಿ ಮೇಲೆ ಇರಿ. ನಮ್ಮಲ್ಲಿ ಈ ಹಬ್ಬ ನಡೆಯುವುದು ಬೆಳಿಗ್ಗೆ. ಹತ್ತೂವರೆಗೆ ಬಂದರೆ ಖಾಲಿ ಧ್ವಜಕಟ್ಟೆಯ ಸುತ್ತ ಹೂವಿನ ಎಸಳು ಮಾತ್ರ ಸಿಗುತ್ತವೆ.

ಮಕ್ಕಳಿಗೆ ಒಂದು ವಿಷಯ ಮೊದಲೇ ಹೇಳಿಡಿ. ಅಲ್ಲಿ ಅದು ಬೇಸಿಗೆಯ ಹಬ್ಬ, ನಮ್ಮಲ್ಲಿ ಮಳೆಗಾಲದ್ದು. ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್ ಹೊತ್ತಿಗೆ ಕೆರೆಗಳು ತುಂಬಿರುತ್ತವೆ, ಕೆಲವು ಕೋಡಿ ಬಿದ್ದಿರುತ್ತವೆ. ನಾಲೆಯಲ್ಲಿ ನೀರಿರುತ್ತದೆ, ಗದ್ದೆಯಲ್ಲಿ ಭತ್ತದ ನಾಟಿ ನಡೆದಿರುತ್ತದೆ. ಬಾವುಟ ಹಾರಿಸಿ, ಸಿಹಿ ತಿಂದು, ಹತ್ತು ಗಂಟೆಗೆ ನಾಟಿಗೆ ಇಳಿಯುವ ಹೆಂಗಸರು ನಮ್ಮೂರಲ್ಲಿ ಎಷ್ಟೋ ಜನ.

ಕೆರೆ ಏರಿ ಯಾಕೆ ಅಂತ ಹೇಳುತ್ತೇನೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಅಮೃತ ಸರೋವರ ಅನ್ನುವ ಯೋಜನೆ ಶುರು ಮಾಡಿತು. ಪ್ರತಿ ಜಿಲ್ಲೆಯಲ್ಲಿ 75 ಕೆರೆ-ಕಟ್ಟೆಗಳನ್ನು ಹೊಸದಾಗಿ ತೋಡಬೇಕು ಅಥವಾ ಹಳೆಯದನ್ನು ಸರಿಮಾಡಬೇಕು. ಒಂದೊಂದೂ ಕನಿಷ್ಠ ಒಂದು ಎಕರೆ ಇರಬೇಕು, ಹತ್ತು ಸಾವಿರ ಘನ ಮೀಟರ್ ನೀರು ಹಿಡಿಯಬೇಕು. ಅದರ ದಡದಲ್ಲೇ ಆಗಸ್ಟ್ 15 ಮತ್ತು ಜನವರಿ 26ಕ್ಕೆ ಬಾವುಟ ಹಾರಿಸಬೇಕು ಅನ್ನುವುದೂ ಯೋಜನೆಯಲ್ಲೇ ಇದೆ. ಹೀಗಾಗಿ ಪಂಚಾಯ್ತಿ ಆಫೀಸಿನ ಅಂಗಳದ ಜೊತೆಗೆ ಕೆರೆ ದಡದಲ್ಲೂ ಧ್ವಜಕಟ್ಟೆ ಬಂತು.

ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವುದು ಅಲ್ಲಿ ಸೇರುವ ಜನ. ಕೆರೆಯ ಹೂಳು ಎತ್ತಿದ್ದು ನರೇಗಾ ಕೂಲಿಗೆ ಬಂದ ಅದೇ ಊರಿನ ಹೆಂಗಸರು, ಗಂಡಸರು. ಬಿಸಿಲಲ್ಲಿ ಮಂಕರಿ ಹೊತ್ತು ಏರಿ ಹತ್ತಿದವರು ಅವತ್ತು ಇಸ್ತ್ರಿ ಮಾಡಿದ ಸೀರೆ ಉಟ್ಟು ಅದೇ ಏರಿ ಮೇಲೆ ನಿಂತು ಬಾವುಟಕ್ಕೆ ಕೈ ಮುಗಿಯುತ್ತಾರೆ. ಸ್ವಾತಂತ್ರ್ಯ ಹೋರಾಟಗಾರರ ಮನೆಯವರು ಊರಲ್ಲಿದ್ದರೆ ಅವರನ್ನು ಕರೆದು ಶಾಲು ಹೊದಿಸುತ್ತಾರೆ. ಇದನ್ನು ನಿಮ್ಮ ಮಕ್ಕಳು ನೋಡಬೇಕು.

ಹಿಂದಿನ ದಿನ ಸಂಜೆಯೇ ಬಂದರೆ ಇನ್ನೂ ಒಳ್ಳೆಯದು. ನಮ್ಮ ಪಿ.ಟಿ. ಮೇಷ್ಟ್ರು ಬಾವುಟ ಕಟ್ಟುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಮೇಜಿನ ಮೇಲೆ ಬಾವುಟ ಹಾಸಿ, ಕೇಸರಿ ಮೇಲೆ ಬರುತ್ತದಾ ಅಂತ ಎರಡೆರಡು ಸಲ ನೋಡಿ, ಉದ್ದಕ್ಕೆ ಮಡಿಸಿ, ನಡುವೆ ಸೇವಂತಿಗೆ, ಗುಲಾಬಿ ಎಸಳು ತುಂಬುತ್ತಾರೆ. ಆಮೇಲೆ ಹಗ್ಗದ ತುದಿಯಿಂದ ಒಂದು ಜೀರುಗಂಟು. ಗಂಟು ಬಿಗಿಯಾದರೆ ಎಳೆದಾಗ ಬಿಚ್ಚುವುದಿಲ್ಲ, ಸಡಿಲವಾದರೆ ಅರ್ಧ ದಾರಿಯಲ್ಲೇ ಹೂವು ಉದುರುತ್ತದೆ. ಮಳೆಗೆ ನೆಂದರೆ ನೂಲಿನ ಹಗ್ಗ ಉಬ್ಬಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಹಗ್ಗವನ್ನು ರಾತ್ರಿ ಒಳಗಿಟ್ಟು ಬೆಳಿಗ್ಗೆಯೇ ಕಂಬಕ್ಕೆ ಹಾಕುವುದು. ಸುತ್ತ ನಿಂತ ಏಳನೇ ಕ್ಲಾಸಿನ ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ನಿಮ್ಮ ಮಕ್ಕಳನ್ನೂ ಅಲ್ಲಿ ನಿಲ್ಲಿಸಿ.

ಬೆಳಿಗ್ಗೆ ಶಾಲೆಯಿಂದ ಪ್ರಭಾತ್ ಫೇರಿ ಹೊರಡುತ್ತದೆ. ಮುಂದೆ ಬ್ಯಾಂಡ್ ಸೆಟ್, ಹಿಂದೆ ಸಾಲಾಗಿ ಮಕ್ಕಳು, ಬೀದಿ ಬೀದಿ ಸುತ್ತಿ ಏರಿ ಮೇಲೆ ಬರುತ್ತಾರೆ. ಬಾವುಟ ಹಾರಿದ ಮೇಲೆ ರಾಷ್ಟ್ರಗೀತೆ, ನಾಡಗೀತೆ, ರೈತಗೀತೆ. ಆಮೇಲೆ ಮಕ್ಕಳ ಭಾಷಣ. ಕೊನೆಗೆ ಕಾಗದದ ಪೊಟ್ಟಣದಲ್ಲಿ ಬೂಂದಿ ಅಥವಾ ಲಾಡು. ದೊಡ್ಡ ಕಾರ್ಯಕ್ರಮ ಬೇಕು ಅಂದರೆ ಒಂಬತ್ತಕ್ಕೆ ತಾಲ್ಲೂಕು ಕ್ರೀಡಾಂಗಣಕ್ಕೆ ಹೋಗಬಹುದು. ತಹಸೀಲ್ದಾರರು ಬಾವುಟ ಹಾರಿಸುತ್ತಾರೆ, ಪಥಸಂಚಲನ, ಮಕ್ಕಳ ನೃತ್ಯ ಇರುತ್ತದೆ. ಚೆನ್ನಾಗಿರುತ್ತದೆ, ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ?

ಊರುಗಳು. ಮೊದಲು ತೊಣ್ಣೂರು ಕೆರೆ, ಪಾಂಡವಪುರಕ್ಕೆ ಹತ್ತಿರ. ಬೆಟ್ಟಗಳ ನಡುವೆ ತಿಳಿ ನೀರು. ಹೈದರಾಬಾದಿನ ನಾಸಿರ್ ಜಂಗ್ ಈ ನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಅಂತ ಕರೆದ ಅಂತ ಹೇಳುತ್ತಾರೆ. ಪಕ್ಕದಲ್ಲೇ ರಾಮಾನುಜಾಚಾರ್ಯರ ನೆನಪಿನ ಹಳೆಯ ದೇವಸ್ಥಾನಗಳಿವೆ. ಆದರೆ ರಜೆ ದಿನ ಅಲ್ಲಿ ಜನ ಜಾಸ್ತಿ, ನೀರಿಗಿಳಿದು ಜೀವ ಕಳೆದುಕೊಂಡವರೂ ಇದ್ದಾರೆ. ದಯವಿಟ್ಟು ಮಕ್ಕಳನ್ನು ಈಜಲು ಬಿಡಬೇಡಿ. ದಡದಲ್ಲಿ ಕೂತು ನೋಡಿದರೆ ಸಾಕು. ಅಲ್ಲಿಂದ ಕುಂತಿ ಬೆಟ್ಟಕ್ಕೆ ಬನ್ನಿ, ಅದರ ಬುಡದಲ್ಲೂ ಕೊಳ ಇದೆ. ಈ ಪಾಂಡವಪುರಕ್ಕೆ ಬ್ರಿಟಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ಆ ಹೆಸರು ಹೋಗಿ ನಮ್ಮ ಹೆಸರು ಬಂದದ್ದನ್ನೂ ಅವತ್ತೇ ಮಕ್ಕಳಿಗೆ ಹೇಳಬಹುದು. ಇನ್ನೂ ಶಾಂತವಾದ ಊರು ಬೇಕಾದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿ. ದೊಡ್ಡ ಕೆರೆ, 1171ರ ಹೊಯ್ಸಳರ ಬ್ರಹ್ಮೇಶ್ವರ ದೇವಸ್ಥಾನ, ಗದ್ದಲ ಕಡಿಮೆ.

ಬೆಂಗಳೂರಿಂದ ಬರುವಾಗಲೋ ವಾಪಸ್ ಹೋಗುವಾಗಲೋ ಮದ್ದೂರಿನ ಶಿವಪುರದಲ್ಲಿ ಇಳಿಯಲೇಬೇಕು. ಬೈಪಾಸ್ ಹಿಡಿದರೆ ತಪ್ಪಿಹೋಗುತ್ತದೆ, ಹಳೇ ರಸ್ತೆಯಲ್ಲಿ ಬನ್ನಿ. ಎಲ್ಲರೂ ವಡೆ ತಿಂದು ಹೊರಟುಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. 1938ರ ಏಪ್ರಿಲ್‌ನಲ್ಲಿ ಶಿಂಷಾ ಹೊಳೆಯ ಹತ್ತಿರ ಇಲ್ಲೇ ಮೈಸೂರು ಕಾಂಗ್ರೆಸ್‌ನ ಮೊದಲ ಅಧಿವೇಶನ ಸೇರಿತು. ಬಾವುಟ ಹಾರಿಸಬಾರದು ಅಂತ ನಿಷೇಧಾಜ್ಞೆ. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಅದನ್ನು ಮೀರಿ ಬಾವುಟ ಹಾರಿಸಿ ಬಂಧನಕ್ಕೊಳಗಾದರು. ಸುತ್ತಲ ಹಳ್ಳಿಗಳ ರೈತರು ಸಾವಿರಾರು ಜನ ಸೇರಿದ್ದರು. ಅದೇ ತಿಂಗಳು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಬಾವುಟದ ವಿಷಯಕ್ಕೇ ಗೋಲಿಬಾರ್ ಆಯಿತು. ಕೊನೆಗೆ ಸರ್ಕಾರ ಮಣಿದು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಬೇಕಾಯಿತು. ಈಗ ಅಲ್ಲಿ ಸತ್ಯಾಗ್ರಹ ಸೌಧ ಇದೆ.

ಮೈಸೂರಿನಲ್ಲೇ ಇರುತ್ತೀರಿ ಅಂದರೆ ಸುಬ್ಬರಾಯನ ಕೆರೆಗೆ ಹೋಗಿ. ಹೆಸರಿಗಷ್ಟೇ ಕೆರೆ, ನೀರಿಲ್ಲ, ಮೈದಾನವಾಗಿ ಬಹಳ ಕಾಲವಾಯಿತು. ಹೋರಾಟದ ಸಭೆಗಳು ಅಲ್ಲಿ ನಡೆಯುತ್ತಿದ್ದವು. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದ ಜನರಿಗೆ ತಮ್ಮದೇ ಸರ್ಕಾರ ಸಿಕ್ಕಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು, ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ರಾಮಸ್ವಾಮಿ ವೃತ್ತ ಅವನ ಹೆಸರಿನದೇ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ದಿನಾ ಆ ಸರ್ಕಲ್ ದಾಟುವವರಲ್ಲೇ ಬಹಳ ಜನರಿಗೆ ಇದು ಗೊತ್ತಿಲ್ಲ.

ಸಂಜೆ ಕೆ.ಆರ್.ಎಸ್. ಇತ್ತೀಚಿನ ವರ್ಷಗಳಲ್ಲಿ ಅಣೆಕಟ್ಟೆಗೆ ಮೂರು ಬಣ್ಣದ ದೀಪ ಹಾಕಿದ್ದುಂಟು. ಅಣೆಕಟ್ಟೆ ತುಂಬಿ ಮಟ್ಟ 124.80 ಅಡಿ ಮುಟ್ಟಿದ ವರ್ಷವಾದರೆ ನೋಡೋಕೆ ಎರಡು ಕಣ್ಣು ಸಾಲದು. ಟ್ರಾಫಿಕ್ ವಿಪರೀತ, ನಾಲ್ಕು ಗಂಟೆಯೊಳಗೆ ತಲುಪಿ. ದೋಣಿ ಮೆರವಣಿಗೆ, ಬಾಣಬಿರುಸು ನಮ್ಮ ಕೆರೆಗಳಲ್ಲಿ ಇಲ್ಲ. ನೀವೂ ಪಟಾಕಿ ತರಬೇಡಿ, ಕೆರೆ ತುಂಬ ಹಕ್ಕಿಗಳಿರುತ್ತವೆ. ದೋಣಿಗೆ ಅಂತ ರಂಗನತಿಟ್ಟು ಪಕ್ಷಿಧಾಮಕ್ಕೆ ಹೋಗುವುದಾದರೆ ಫೋನ್ ಮಾಡಿ ಕೇಳಿ. ಅಣೆಕಟ್ಟೆಯಿಂದ ನೀರು ಜಾಸ್ತಿ ಬಿಟ್ಟರೆ ಅಲ್ಲಿ ದೋಣಿ ನಿಲ್ಲಿಸುತ್ತಾರೆ.

ಬಾವುಟದ ಬಗ್ಗೆ ಒಂದು ಮಾತು. ಅದು ನೆಲಕ್ಕೆ ತಾಗಬಾರದು, ನೀರಿನಲ್ಲಿ ಎಳೆದಾಡಬಾರದು ಅಂತ ಧ್ವಜ ಸಂಹಿತೆಯಲ್ಲೇ ಇದೆ. ಫೋಟೋಗೆ ಅಂತ ಬಾವುಟ ಹಿಡಿದು ಕೆರೆಗಿಳಿಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಕಾರಿನ ಬಾನೆಟ್ಟಿಗೆ ಹೊದಿಸಬೇಡಿ. ಪ್ಲಾಸ್ಟಿಕ್ ಬಾವುಟ ಬೇಡವೇ ಬೇಡ, ಮಾರನೇ ದಿನ ಅದೆಲ್ಲ ಕೋಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. 2021ರ ತಿದ್ದುಪಡಿ ಆದಮೇಲೆ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಇದೆ. ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟ ಸಿಕ್ಕರೆ ಅದನ್ನೇ ಕೊಂಡುಕೊಳ್ಳಿ.

ಹಳ್ಳಿಗೆ ಬರುವ ಮುಂಚೆ ಎರಡು ದಿನ ಮೊದಲು ಗ್ರಾಮ ಪಂಚಾಯ್ತಿಗೆ ಅಥವಾ ಶಾಲೆಯ ಹೆಡ್‌ಮಾಸ್ಟರಿಗೆ ಹೇಳಿ. ಯಾವ ಕೆರೆ, ಎಷ್ಟು ಹೊತ್ತಿಗೆ ಅಂತ ಅವರೇ ತಿಳಿಸುತ್ತಾರೆ. ಸುಮ್ನೆ ನೋಡಿಕೊಂಡು ಹೋಗುವುದಕ್ಕಿಂತ ಮಕ್ಕಳಿಂದ ಕನ್ನಡದಲ್ಲಿ ನಾಲ್ಕು ಸಾಲು ಮಾತಾಡಿಸಿ, ತಪ್ಪಾದರೂ ಪರವಾಗಿಲ್ಲ, ಊರು ಚಪ್ಪಾಳೆ ತಟ್ಟುತ್ತದೆ. ಏರಿ ಮೇಲೆ ಕೆಸರಿರುತ್ತದೆ, ಬಿಳಿ ಶೂ ಬೇಡ, ಕೊಡೆ ಇರಲಿ. ಸಿಹಿ ತರುವುದಾದರೆ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಕೇಳಿಕೊಂಡು, ಎಲ್ಲರಿಗೂ ಸಾಲುವಷ್ಟು ತನ್ನಿ.