ಓಡುತ್ತಿರುವಾಗಲೇ ಬೈಕ್ ಆಫ್ ಆಗುತ್ತಿದೆಯೇ?

ಪ್ರಶ್ನೆ: ನನ್ನ ಕಾರ್ಬುರೇಟರ್ ಬೈಕ್ ಸ್ವಲ್ಪ ದೂರ ಚೆನ್ನಾಗಿ ಓಡಿ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್. ಪ್ಲಗ್ ಹೊಸದು. ಏನಿರಬಹುದು?

ಉತ್ತರ: ನಿಲ್ಲುವ ರೀತಿ ಗಮನಿಸಿ. ಮುಗ್ಗರಿಸುತ್ತಾ ನಿಂತರೆ ಪೆಟ್ರೋಲ್ ಸರಿಯಾಗಿ ಇಳಿಯುತ್ತಿಲ್ಲ, ತಟ್ಟನೆ ನಿಂತರೆ ಕರೆಂಟಿನ ತೊಂದರೆ ಇರುವುದೇ ಜಾಸ್ತಿ. ಮುಂದಿನ ಸಲ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆಳೆದುಕೊಂಡ ಸದ್ದು ಬಂದು, ಸ್ವಲ್ಪ ಹೊತ್ತಿಗೆ ಬೈಕ್ ಸ್ಟಾರ್ಟ್ ಆದರೆ, ಮುಚ್ಚಳದಲ್ಲಿರುವ ಗಾಳಿಯ ತೂತು ಕಟ್ಟಿಕೊಂಡಿರಬಹುದು, ಅದನ್ನು ಕ್ಲೀನ್ ಮಾಡಿ ನೋಡಿ. ಸದ್ದಿಲ್ಲವೇ? ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್, ಕಿಡಿ ಯಾವಾಗ ಹಾರಬೇಕೆಂದು ಸಿಗ್ನಲ್ ಕೊಡುವ ಪಿಕಪ್ ಕಾಯಿಲ್ ಎರಡನ್ನೂ ನೋಡಿಸಿ. ಹಾಳಾಗುತ್ತಿರುವ ಕಾಯಿಲ್ ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಕೆಲಸ ಮಾಡುತ್ತದೆ, ಅದಕ್ಕೇ ಬಿಸಿ ಇರುವಾಗಲೇ ಪರೀಕ್ಷೆ ಮಾಡಿಸಬೇಕು, ಸುಮ್ನೆ ಪ್ಲಗ್ ಬದಲಿಸುತ್ತಾ ಹೋಗಬೇಡಿ. ಮೀಟರ್ ಲೈಟೂ ಆರಿದರೆ ಬ್ಯಾಟರಿ ಟರ್ಮಿನಲ್, ಫ್ಯೂಸ್, ಕೀ ಸ್ವಿಚ್ ನೋಡಿ. ಸರಿಯಾಗುವ ತನಕ ಹೆದ್ದಾರಿಗೆ ಒಯ್ಯಬೇಡಿ.